ಚೀಟಿಯಿಂದ ಕನ್ನಡಕದವರೆಗೆ: ದೃಷ್ಟಿ ಕೇಂದ್ರ ಮತ್ತು ಕನ್ನಡಕದ ಅಂಗಡಿಗಳ ನಡುವೆ ಸಂಯೋಜಕರಾಗಿ ಕೆಲಸ ಮಾಡುವ ಬಗೆ

ತಾಲ್ಲೂಕಿನ ದೃಷ್ಟಿ ಕೇಂದ್ರದಲ್ಲಿ ಕಣ್ಣು ತೋರಿಸಿಕೊಂಡವರು ಕೈಯಲ್ಲಿ ಒಂದು ಚೀಟಿ ಹಿಡಿದು ಹೊರಬರುತ್ತಾರೆ. ಆ ಚೀಟಿ ಕನ್ನಡಕದ ಅಂಗಡಿಗೆ ತಲುಪಬೇಕು, ಅದರಲ್ಲಿ ಬರೆದಂತೆಯೇ ಲೆನ್ಸ್ ತಯಾರಾಗಬೇಕು, ಫ್ರೇಮು ಅವರ ಮುಖಕ್ಕೆ ಸರಿಯಾಗಿ ಕೂರಬೇಕು, ಆಮೇಲೆ ಅವರು ಅದನ್ನು ದಿನವೂ ಹಾಕಿಕೊಳ್ಳಬೇಕು. ಇಷ್ಟೂ ಆದಾಗ ಮಾತ್ರ ಪರೀಕ್ಷೆ ಮಾಡಿದ್ದಕ್ಕೆ ಫಲ. ಚೀಟಿ ಬರೆದಲ್ಲಿಗೆ ತಮ್ಮ ಹೊಣೆ ಮುಗಿಯಿತೆಂದು ಕೇಂದ್ರದವರೂ, ಕನ್ನಡಕ ಕೊಟ್ಟಲ್ಲಿಗೆ ಮುಗಿಯಿತೆಂದು ಅಂಗಡಿಯವರೂ ತಿಳಿದಿರುವುದರಿಂದ ಇವೆರಡರ ನಡುವಿನ ದಾರಿ ಯಾರ ಉಸ್ತುವಾರಿಯೂ ಇಲ್ಲದೆ ಉಳಿದಿರುತ್ತದೆ. ಆ ದಾರಿಯನ್ನು ನೋಡಿಕೊಳ್ಳುವವರೇ ಸಂಯೋಜಕರು. ಆಸ್ಪತ್ರೆ ಅಥವಾ ಸ್ವಯಂಸೇವಾ ಸಂಸ್ಥೆಯ ಪರವಾಗಿ ಈ ಕೆಲಸಕ್ಕೆ ಹೊಸದಾಗಿ ಬಂದವರು ಅದನ್ನು ಹೇಗೆ ಕೈಗೆತ್ತಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಿದ್ದೇನೆ.

ಎರಡೂ ಕಡೆಯನ್ನು ಅರಿಯುವುದು

ನಮ್ಮ ದೇಶದಲ್ಲಿ ಅಂಧತ್ವ ನಿಯಂತ್ರಣದ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾದದ್ದು 1976ರಲ್ಲಿ. ಬಹುಕಾಲ ಅದರ ಗಮನವೆಲ್ಲ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ಮೇಲಿತ್ತು. ಕರ್ನಾಟಕದ ಹಿರಿಯರಿಗೆ ಡಾ. ಎಂ.ಸಿ. ಮೋದಿಯವರ ಸಾಮೂಹಿಕ ಶಿಬಿರಗಳು ಇಂದಿಗೂ ನೆನಪಿವೆ. ಕನ್ನಡಕ ಸಿಗದೆ ಮಂಜಾಗಿ ನೋಡುತ್ತಾ ಬದುಕುವವರ ಸಮಸ್ಯೆಗೆ ತಕ್ಕ ಮಹತ್ವ ಬಂದದ್ದು ಆಮೇಲೆ, ಅದರಲ್ಲೂ 1999ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೇತೃತ್ವದಲ್ಲಿ ತಡೆಯಬಹುದಾದ ಅಂಧತ್ವವನ್ನು ನೀಗಿಸುವ ‘ವಿಷನ್ 2020’ ಅಭಿಯಾನ ಆರಂಭವಾದ ಮೇಲೆ. ಸುಮಾರು 50,000 ಜನಸಂಖ್ಯೆಗೆ ಒಂದು ದೃಷ್ಟಿ ಕೇಂದ್ರ ಇರಬೇಕೆಂಬ ಲೆಕ್ಕ ಬಳಕೆಗೆ ಬಂದದ್ದೂ ಆಗಲೇ. ಇಂಥ ಕೇಂದ್ರದಲ್ಲಿ ಸಾಮಾನ್ಯವಾಗಿ ನೇತ್ರತಜ್ಞ ವೈದ್ಯರು ಕೂರುವುದಿಲ್ಲ. ತರಬೇತಿ ಪಡೆದ ತಂತ್ರಜ್ಞರೋ, ಆಪ್ಟೊಮೆಟ್ರಿಸ್ಟರೋ, ಸರ್ಕಾರಿ ಆಸ್ಪತ್ರೆಯಾದರೆ ನೇತ್ರಾಧಿಕಾರಿಯೋ ಕಣ್ಣು ಪರೀಕ್ಷಿಸಿ ನಂಬರು ಬರೆಯುತ್ತಾರೆ. ಬೇರೆ ತೊಂದರೆ ಕಂಡರೆ ದೊಡ್ಡ ಆಸ್ಪತ್ರೆಗೆ ಕಳುಹಿಸುತ್ತಾರೆ. ಮಧುರೈನ ಅರವಿಂದ ಕಣ್ಣಿನ ಆಸ್ಪತ್ರೆ ಮತ್ತು ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆ ಈ ಮಾದರಿಯನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿ ತೋರಿಸಿವೆ. ಅವರ ಕೇಂದ್ರಗಳಲ್ಲಿ ಕನ್ನಡಕವೂ ಅಲ್ಲಿಯೇ ಸಿಗುತ್ತದೆ. ಹಾಗೆ ಸಿಗದ ಕಡೆಗಳಲ್ಲಿ ಊರಿನ ಅಂಗಡಿಗಳೇ ಆಧಾರವಾಗುವುದರಿಂದ ಅಲ್ಲಿ ಸಂಯೋಜಕರ ಅಗತ್ಯ ಹೆಚ್ಚು.

ಕೆಲಸಕ್ಕೆ ಸೇರಿದ ಮೊದಲ ದಿನಗಳನ್ನು ನೋಡುವುದಕ್ಕೆ ಮೀಸಲಿಡಿ. ಕೇಂದ್ರದಲ್ಲಿ ಕುಳಿತು ಒಬ್ಬ ರೋಗಿ ಒಳಬಂದಲ್ಲಿಂದ ಹೊರಹೋಗುವವರೆಗೆ ಏನೇನು ನಡೆಯುತ್ತದೆ ಎಂಬುದನ್ನು ಗಮನಿಸಿ. ಆಮೇಲೆ ನಿಮ್ಮ ವ್ಯಾಪ್ತಿಯ ಪ್ರತಿಯೊಂದು ಕನ್ನಡಕದ ಅಂಗಡಿಗೂ ಹೋಗಿ, ಮಾಲೀಕರೊಂದಿಗೆ ಮಾತನಾಡಿ. ಲೆನ್ಸಿನ ನಂಬರು ಅಳೆಯುವ ಲೆನ್ಸೋಮೀಟರ್ ಅಲ್ಲಿದೆಯೇ, ಲೆನ್ಸ್ ಕತ್ತರಿಸಿ ಕೂರಿಸುವ ಕೆಲಸ ಅಂಗಡಿಯಲ್ಲೇ ಆಗುತ್ತದೆಯೇ ಅಥವಾ ಹುಬ್ಬಳ್ಳಿ, ಬೆಂಗಳೂರಿನಂಥ ಊರುಗಳಿಗೆ ಹೋಗಿ ಬರುತ್ತದೆಯೇ, ಸಾಮಾನ್ಯ ಲೆನ್ಸಿಗೆ ಎಷ್ಟು ದಿನ, ಸಿಲಿಂಡರ್ (ಒಂದು ದಿಕ್ಕಿನಲ್ಲಿ ಮಾತ್ರ ಇರುವ ಹೆಚ್ಚುವರಿ ನಂಬರು) ಇರುವ ಲೆನ್ಸಿಗೆ ಎಷ್ಟು ದಿನ ಹಿಡಿಯುತ್ತದೆ ಎಂಬ ವಿವರಗಳನ್ನು ಬರೆದಿಟ್ಟುಕೊಳ್ಳಿ. ಲೆನ್ಸೋಮೀಟರ್ ಇಲ್ಲದ ಅಂಗಡಿಯನ್ನು ಯಾವ ಕಾರಣಕ್ಕೂ ಪಟ್ಟಿಗೆ ಸೇರಿಸಿಕೊಳ್ಳಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ತಾನು ಕೊಡುವ ವಸ್ತುವನ್ನು ತಾನೇ ಅಳೆದು ನೋಡಲಾರದ ಅಂಗಡಿ, ತಪ್ಪಾದಾಗ ಅದನ್ನು ಕಂಡುಹಿಡಿಯುವುದೂ ಇಲ್ಲ.

ಹಣದ ಮಾತು ಮೊದಲೇ ಆಗಲಿ

ಅಂಗಡಿಯವರ ಜೊತೆಗಿನ ಮೊದಲ ಮಾತುಕತೆಯಲ್ಲೇ ಕಮಿಷನ್ನಿನ ಪ್ರಸ್ತಾಪ ಬರಬಹುದು. ಕಳುಹಿಸಿದ ಪ್ರತಿ ಗಿರಾಕಿಗೆ ಇಷ್ಟು ಎಂದು ಕೊಡುವ ಪದ್ಧತಿ ಹಲವು ಕಡೆ ಇರುವುದರಿಂದ ಅವರು ಕೇಳುವುದರಲ್ಲಿ ದುರುದ್ದೇಶವೇ ಇರಬೇಕೆಂದಿಲ್ಲ. ಆದರೆ ನೀವು ಒಂದು ರೂಪಾಯಿ ತೆಗೆದುಕೊಂಡರೂ, ಕೇಂದ್ರದ ಸಿಬ್ಬಂದಿ ತೆಗೆದುಕೊಳ್ಳಲು ಬಿಟ್ಟರೂ, ಆ ಹಣ ಕೊನೆಗೆ ರೋಗಿಯ ಬಿಲ್ಲಿಗೆ ಸೇರುತ್ತದೆ. ಮುಂದೆ ಆ ಅಂಗಡಿಯ ಲೆನ್ಸು ತಪ್ಪಾದಾಗ ಅದನ್ನು ಹಿಂದಿರುಗಿಸುವ ನೈತಿಕ ಬಲವೂ ನಿಮಗೆ ಉಳಿಯುವುದಿಲ್ಲ. ನಿಮ್ಮ ಸಂಬಳ ಸಂಸ್ಥೆಯಿಂದಲೇ ಬರಬೇಕು ಮತ್ತು ಮಾರಾಟವಾದ ಕನ್ನಡಕಗಳ ಸಂಖ್ಯೆಗೆ ಅದನ್ನು ಜೋಡಿಸಬಾರದು.

ಒಪ್ಪಂದವನ್ನು ಒಂದೇ ಪುಟದಲ್ಲಿ ಕನ್ನಡದಲ್ಲಿ ಬರೆದು ಎರಡೂ ಕಡೆಯವರ ಸಹಿ ಪಡೆಯಿರಿ. ಅಂಗಡಿ ಕನಿಷ್ಠ ಮೂರು ಬೆಲೆಗಳ ಕನ್ನಡಕ ಇಟ್ಟಿರಬೇಕು, ಅತಿ ಕಡಿಮೆ ಬೆಲೆಯದನ್ನು ಒಳಗೆ ಇಡದೆ ಕಣ್ಣಿಗೆ ಕಾಣುವಂತೆ ಇಡಬೇಕು, ಪ್ರತಿಯೊಬ್ಬರಿಗೂ ಬಿಲ್ ಕೊಡಬೇಕು, ತಪ್ಪು ಲೆನ್ಸನ್ನು ಹಣ ಕೇಳದೆ ಬದಲಿಸಿ ಕೊಡಬೇಕು ಎಂಬ ಅಂಶಗಳು ಅದರಲ್ಲಿದ್ದರೆ ಸಾಕು. 2025ರ ಸೆಪ್ಟೆಂಬರ್ 22ರಿಂದ ದೃಷ್ಟಿದೋಷದ ಕನ್ನಡಕಗಳ ಮೇಲಿನ ಜಿಎಸ್‌ಟಿ 5%ಗೆ ಇಳಿದಿರುವುದನ್ನೂ ಬೆಲೆ ನಿಗದಿಯ ವೇಳೆ ನೆನಪಿಸಿ. ಯಾವ ಅಂಗಡಿಗೆ ಹೋಗಬೇಕೆಂಬುದು ಸಂಪೂರ್ಣವಾಗಿ ರೋಗಿಯ ಆಯ್ಕೆ. ಪಟ್ಟಿಯಲ್ಲಿರುವ ಎಲ್ಲ ಅಂಗಡಿಗಳ ಹೆಸರು, ಬೆಲೆಗಳನ್ನು ಕೇಂದ್ರದ ಗೋಡೆಯ ಮೇಲೆ ಹಾಕಿ; ‘ಇಂಥವರಲ್ಲಿಗೆ ಹೋಗಿ’ ಎಂದು ಬಾಯಿಮಾತಿನಲ್ಲಿ ಯಾರೂ ಹೇಳದಂತೆ ನೋಡಿಕೊಳ್ಳಿ.

ಸರ್ಕಾರದ ಉಚಿತ ಕನ್ನಡಕಗಳ ವಿಷಯದಲ್ಲಿ ಅಂಗಡಿಯವರಿಗೆ ಅಸಮಾಧಾನ ಇರುವುದುಂಟು. ರಾಜ್ಯದ ಆಶಾಕಿರಣ ಯೋಜನೆಯಲ್ಲಿ ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಪ್ರಾಥಮಿಕ ತಪಾಸಣೆ ಮಾಡಿ, ಅಗತ್ಯವಿದ್ದವರಿಗೆ ಉಚಿತ ಕನ್ನಡಕ ಸಿಗುವಂತೆ ಮಾಡುವಾಗ ‘ನಮ್ಮ ವ್ಯಾಪಾರ ಹೋಯಿತು’ ಎಂಬ ಮಾತು ಕೇಳಿಬರಬಹುದು. ಜೀವಮಾನದಲ್ಲಿ ಕನ್ನಡಕವನ್ನೇ ಹಾಕದವರು ಹೀಗೆ ಅದರ ರುಚಿ ಕಂಡ ಮೇಲೆ, ಸ್ಕ್ರೂ ಸಡಿಲವಾದಾಗ, ಗೀರು ಬಿದ್ದಾಗ, ಇನ್ನೊಂದು ಜೊತೆ ಬೇಕಾದಾಗ ಅದೇ ಅಂಗಡಿಗೆ ಬರುತ್ತಾರೆ ಎಂಬುದನ್ನು ಅವರಿಗೆ ತಾಳ್ಮೆಯಿಂದ ವಿವರಿಸಿ.

ಚೀಟಿಯೇ ಕೆಲಸದ ಜೀವ

ದೂರುಗಳ ಮೂಲ ಹುಡುಕುತ್ತಾ ಹೋದರೆ ಮತ್ತೆ ಮತ್ತೆ ಚೀಟಿಗೇ ಬಂದು ನಿಲ್ಲಬೇಕಾಗುತ್ತದೆ. ಆದ್ದರಿಂದ ಕೇಂದ್ರ ಮತ್ತು ಅಂಗಡಿ ಎರಡಕ್ಕೂ ಒಪ್ಪಿಗೆಯಾಗುವ ಒಂದೇ ನಮೂನೆಯ ಚೀಟಿಯನ್ನು ಮುದ್ರಿಸುವುದು ನಿಮ್ಮ ಮೊದಲ ದೊಡ್ಡ ಕೆಲಸ. ಬಲಗಣ್ಣು, ಎಡಗಣ್ಣು ಎಂದು ಕನ್ನಡದಲ್ಲೇ ಅಚ್ಚಾಗಿರಲಿ. ಪ್ರತಿ ಸಂಖ್ಯೆಯ ಮುಂದೆ ಪ್ಲಸ್ ಅಥವಾ ಮೈನಸ್ ಚಿಹ್ನೆ ಇರಲೇಬೇಕು ಮತ್ತು ದಶಮಾಂಶದ ನಂತರ ಎರಡು ಅಂಕಿ ಇರಬೇಕು. ಅವಸರದಲ್ಲಿ ‘−75’ ಎಂದು ಬರೆಯುವ ರೂಢಿ ಹಲವರಿಗಿದೆ, ಅದನ್ನು ‘−0.75’ ಎಂದು ಸೊನ್ನೆಯ ಸಮೇತ ಬರೆಯಲು ಒತ್ತಾಯಿಸಿ. ಪರೀಕ್ಷೆಯ ದಿನಾಂಕ, ಕನ್ನಡಕ ಹಾಕಿದಾಗ ಪ್ರತಿ ಕಣ್ಣಿಗೂ ಬಂದ ದೃಷ್ಟಿ (6/6, 6/9 ಇತ್ಯಾದಿ), ಎರಡೂ ಕಣ್ಣಿನ ಪಾಪೆಗಳ ನಡುವಿನ ಅಂತರ, ಪರೀಕ್ಷಿಸಿದವರ ಸಹಿ ಇವಿಷ್ಟೂ ಚೀಟಿಯಲ್ಲಿರಲಿ.

ಸಿಲಿಂಡರ್ ಬರೆಯುವ ಎರಡು ಕ್ರಮಗಳಿಂದ ಹುಟ್ಟುವ ಗೊಂದಲವನ್ನು ನೀವು ಚೆನ್ನಾಗಿ ತಿಳಿದಿರಬೇಕು. ಕೇಂದ್ರದವರು ‘+1.00 / −0.50 × 180’ ಎಂದು ಬರೆದಿರುತ್ತಾರೆ, ಅಂಗಡಿಯವರು ತಮ್ಮ ಬಿಲ್ಲಿನಲ್ಲಿ ‘+0.50 / +0.50 × 90’ ಎಂದು ನಮೂದಿಸಿರುತ್ತಾರೆ. ಎರಡೂ ಒಂದೇ ಲೆನ್ಸು: ಸ್ಫಿಯರಿಗೆ (ಮೊದಲ ಸಂಖ್ಯೆ) ಸಿಲಿಂಡರನ್ನು (ಎರಡನೆಯದು) ಕೂಡಿಸಿ, ಸಿಲಿಂಡರಿನ ಚಿಹ್ನೆ ಬದಲಿಸಿ, ಆಕ್ಸಿಸನ್ನು (ಕೊನೆಯ ಸಂಖ್ಯೆ, ಅಂದರೆ ಸಿಲಿಂಡರಿನ ದಿಕ್ಕು) 90 ಡಿಗ್ರಿ ತಿರುಗಿಸಿದರೆ ಒಂದು ಇನ್ನೊಂದಾಗುತ್ತದೆ. ಆದರೆ ಓದು ಬಲ್ಲ ಮಗ ಎರಡು ಕಾಗದಗಳನ್ನು ಪಕ್ಕದಲ್ಲಿಟ್ಟು ನೋಡಿ, ‘ನಮ್ಮ ತಾಯಿಗೆ ತಪ್ಪು ಕನ್ನಡಕ ಕೊಟ್ಟಿದ್ದಾರೆ’ ಎಂದು ಸಿಟ್ಟಿನಿಂದ ಬಂದರೆ ಅದು ಸಹಜವೇ. ಈ ಲೆಕ್ಕವನ್ನು ನೀವು ಕಲಿತು ಅವರ ಮುಂದೆಯೇ ಮಾಡಿ ತೋರಿಸಬೇಕು. ಮುಂದಕ್ಕೆ ಎಲ್ಲರೂ ಮೈನಸ್ ಸಿಲಿಂಡರಿನಲ್ಲೇ ಬರೆಯುವಂತೆ ಎರಡೂ ಕಡೆ ಒಪ್ಪಿಸಬೇಕು.

ಪಾಪೆಗಳ ನಡುವಿನ ಅಂತರವನ್ನು ಕೇಂದ್ರದಲ್ಲಿ ಅಳೆಯದೆ ಬಿಡುವುದು, ಅಂಗಡಿಯಲ್ಲಿ ಅಂದಾಜಿನ ಮೇಲೆ ಲೆನ್ಸ್ ಕೂರಿಸುವುದು ಸಾಮಾನ್ಯವಾಗಿ ಕಾಣುವ ಲೋಪ. ಅದರ ಪರಿಣಾಮವನ್ನು ಒಂದು ಲೆಕ್ಕದಿಂದ ತಿಳಿಯಬಹುದು. ಫ್ರೇಮಿನ ಕಡ್ಡಿಯ ಒಳಭಾಗದಲ್ಲಿ 54, 18 ಎಂದು ಬರೆದಿದ್ದರೆ ಒಂದು ಗಾಜಿನ ಅಗಲ 54 ಮಿಲಿಮೀಟರ್, ಮೂಗಿನ ಸೇತುವೆ 18 ಮಿಲಿಮೀಟರ್. ಹಾಗಾಗಿ ಎರಡು ಗಾಜುಗಳ ಮಧ್ಯಬಿಂದುಗಳ ನಡುವೆ 72 ಮಿಲಿಮೀಟರ್ ದೂರವಿರುತ್ತದೆ. ಹಾಕಿಕೊಳ್ಳುವ ಹುಡುಗಿಯ ಪಾಪೆಗಳ ಅಂತರ 58 ಆಗಿದ್ದರೆ, ಪ್ರತಿ ಲೆನ್ಸಿನ ಕೇಂದ್ರವನ್ನು 7 ಮಿಲಿಮೀಟರಿನಷ್ಟು ಒಳಕ್ಕೆ ಸರಿಸಿ ಕತ್ತರಿಸಬೇಕು. ಸರಿಸದೆ ಕೂರಿಸಿದರೆ, ಅವಳ ನಂಬರು −4.00 ಎಂದಿಟ್ಟುಕೊಂಡರೆ, ಒಂದೊಂದು ಕಣ್ಣಿಗೂ 2.8 ಪ್ರಿಸಂ ಡಯಾಪ್ಟರಿನಷ್ಟು (ಬೆಳಕು ಪಕ್ಕಕ್ಕೆ ಬಾಗುವುದರ ಅಳತೆ) ಬೇಡದ ಎಳೆತ ಬೀಳುತ್ತದೆ. ಲೆನ್ಸೋಮೀಟರಿನಲ್ಲಿ ನಂಬರು ಸರಿಯಾಗಿಯೇ ಕಾಣುತ್ತದೆ, ಹುಡುಗಿ ಮಾತ್ರ ತಲೆನೋವೆಂದು ಕನ್ನಡಕವನ್ನು ಚೀಲದಲ್ಲಿಡುತ್ತಾಳೆ. ಅಗಲವಾದ ಫ್ರೇಮು ಚಿಕ್ಕ ಮುಖಕ್ಕೆ ಬೇಡವೆಂದು ಅಂಗಡಿಯಲ್ಲೇ ಹೇಳುವ ಅಭ್ಯಾಸ ಬೆಳೆಸಿದರೆ ಈ ತೊಂದರೆಯಲ್ಲಿ ಬಹುಪಾಲು ಹುಟ್ಟುವುದೇ ಇಲ್ಲ.

ಚಾಳೀಸು ಬಂದವರ ಚೀಟಿಯಲ್ಲಿ ಅವರು ಮಾಡುವ ಕೆಲಸವನ್ನೂ ಬರೆಸಿ. ಅರವತ್ತು ದಾಟಿದವರಿಗೆ +2.50 ಹತ್ತಿರದ ನಂಬರು ಕೊಟ್ಟರೆ ಸುಮಾರು 40 ಸೆಂಟಿಮೀಟರ್ ದೂರದಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಪತ್ರಿಕೆ ಓದುವವರಿಗೆ, ಅಕ್ಕಿ ಆರಿಸುವವರಿಗೆ ಅದು ಸರಿ. ಆದರೆ ಇಳಕಲ್ಲಿನ ನೇಕಾರರೊಬ್ಬರು ಮಗ್ಗದ ಮುಂದೆ ಕುಳಿತಾಗ ಎಳೆಗಳು ಅದಕ್ಕಿಂತ ದೂರದಲ್ಲಿದ್ದರೆ ಅವರಿಗೆ +1.50ರ ಆಸುಪಾಸು ಬೇಕಾಗಬಹುದು. ಇದನ್ನು ಕೇಳದೆ ಬರೆದ ಕನ್ನಡಕ ಅವರ ದುಡಿಮೆಗೆ ಉಪಯೋಗಕ್ಕೆ ಬರುವುದಿಲ್ಲ. ಹತ್ತಿರದ ಕನ್ನಡಕ ಓದುಬರಹ ಬಲ್ಲವರಿಗೆ ಮಾತ್ರ ಎಂಬ ಭಾವನೆ ಹಳ್ಳಿಗಳಲ್ಲಿ ಇನ್ನೂ ಬಲವಾಗಿದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, 40 ದಾಟಿದ ಕಾರ್ಮಿಕರಿಗೆ ಹತ್ತಿರದ ಕನ್ನಡಕ ಕೊಟ್ಟಾಗ ಅವರು ಕೊಯ್ಯುವ ಎಲೆಯ ಪ್ರಮಾಣದಲ್ಲಿ, ಕೊಡದವರೊಂದಿಗೆ ಹೋಲಿಸಿದರೆ, 21.7%ರಷ್ಟು ಹೆಚ್ಚಳ ಕಂಡುಬಂತು. ಬೀಡಿ ಕಟ್ಟುವ, ಅಡಿಕೆ ಸುಲಿಯುವ, ಹೊಲಿಗೆ ಹಾಕುವ ನಮ್ಮ ಹೆಂಗಸರಿಗೆ ಈ ಮಾತನ್ನು ತಲುಪಿಸಬೇಕು.

ಹೊಲದ ಬದುವಿನ ಮೇಲೆ ನಡೆದಾಡುವ ಹಿರಿಯರಿಗೆ ಬೈಫೋಕಲ್ (ಮೇಲೆ ದೂರದ, ಕೆಳಗೆ ಹತ್ತಿರದ ನಂಬರಿರುವ ಕನ್ನಡಕ) ಬರೆಯುವಾಗಲೂ ಎಚ್ಚರ ಬೇಕು. ಕೆಳಗಿನ ಭಾಗದಿಂದ ನೆಲ ನೋಡಿದಾಗ ಮೆಟ್ಟಿಲು, ಗುಂಡಿ ಮಂಜಾಗಿ ಕಂಡು ಎಡವುವ ಸಂಭವವಿದೆ. ದೂರಕ್ಕೊಂದು, ಹತ್ತಿರಕ್ಕೊಂದು ಎಂದು ಎರಡು ಅಗ್ಗದ ಕನ್ನಡಕಗಳು ಅವರಿಗೆ ಹೆಚ್ಚು ಕ್ಷೇಮ.

ವಿತರಣೆ ಮತ್ತು ವಹಿ

ಪ್ರತಿ ಚೀಟಿಗೂ ಒಂದು ಕ್ರಮಸಂಖ್ಯೆ ಕೊಟ್ಟು ಒಂದೇ ವಹಿಯಲ್ಲಿ ನಾಲ್ಕು ದಿನಾಂಕಗಳನ್ನು ಬರೆಯಿರಿ: ಚೀಟಿ ಬರೆದದ್ದು, ಅಂಗಡಿಯಲ್ಲಿ ಆರ್ಡರ್ ಆದದ್ದು, ಕನ್ನಡಕ ಕೈಸೇರಿದ್ದು, ಒಂದು ತಿಂಗಳ ನಂತರ ಹಾಕಿಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಿದ್ದು. ಮೊದಲ ದಿನಾಂಕವಿದ್ದು ಎರಡನೆಯದು ಖಾಲಿ ಉಳಿದ ಹೆಸರುಗಳೇ ನಿಮ್ಮ ವಾರದ ಕೆಲಸ. ಅವರಿಗೆ ಫೋನ್ ಮಾಡಿದಾಗ ಕಾರಣಗಳು ತಿಳಿಯುತ್ತವೆ: ಹಣ ಹೊಂದಿಲ್ಲ, ಬಸ್ಸಿನ ಅನುಕೂಲವಿಲ್ಲ, ಮಗಳಿಗೆ ಕನ್ನಡಕ ಹಾಕಿಸಿದರೆ ಮದುವೆಗೆ ತೊಡಕಾದೀತೆಂದು ಮನೆಯಲ್ಲಿ ಬೇಡ ಎಂದಿದ್ದಾರೆ. ಕಾರಣ ತಿಳಿಯದೆ ಮತ್ತೆ ಮತ್ತೆ ಜ್ಞಾಪಿಸುವುದರಿಂದ ಏನೂ ಸಾಧಿಸಿದಂತಾಗುವುದಿಲ್ಲ. ಕೊನೆಯ ಕಾರಣವನ್ನಂತೂ ಫೋನಿನಲ್ಲಿ ಬಗೆಹರಿಸಲಾಗದು. ಆ ಊರಿನ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದುಕೊಂಡು ಮನೆಗೇ ಹೋಗಬೇಕು.

ಕನ್ನಡಕ ಕೊಡುವ ದಿನವನ್ನು ಆ ಊರಿನ ಸಂತೆಯ ದಿನಕ್ಕೆ ಹೊಂದಿಸಿ. ಒಂದು ಸಂತೆಗೆ ಬಂದಾಗ ಕಣ್ಣು ತೋರಿಸಿ, ಮುಂದಿನ ಸಂತೆಗೆ ಬಂದಾಗ ಕನ್ನಡಕ ಪಡೆಯುವಂತಾದರೆ ಕೂಲಿಯ ದಿನವೂ ಉಳಿಯುತ್ತದೆ, ಬಸ್ಸಿನ ಖರ್ಚೂ ಉಳಿಯುತ್ತದೆ. ಕೊಡುವ ಮುನ್ನ ಅಂಗಡಿಯಲ್ಲಿ ಲೆನ್ಸೋಮೀಟರಿನಲ್ಲಿ ಅಳೆದು ಚೀಟಿಯ ಹಿಂಬದಿಗೆ ಬರೆಯಬೇಕು. ಚೀಟಿಗೂ ಲೆನ್ಸಿಗೂ ಕಾಲು ಡಯಾಪ್ಟರಿನಷ್ಟು (ನಂಬರಿನಲ್ಲಿ 0.25ರಷ್ಟು) ವ್ಯತ್ಯಾಸ ಕಂಡರೂ ಲೆನ್ಸನ್ನು ಹಿಂದಿರುಗಿಸಿ. ಆಕ್ಸಿಸ್ಸಿನ ವಿಷಯದಲ್ಲಿ ಸಿಲಿಂಡರ್ ಹೆಚ್ಚಾದಷ್ಟೂ ಕಟ್ಟುನಿಟ್ಟು ಹೆಚ್ಚಬೇಕು. ಆಕ್ಸಿಸ್ 30 ಡಿಗ್ರಿ ತಪ್ಪಿದರೆ ಸಿಲಿಂಡರ್ ಹಾಕಿದ್ದೇ ವ್ಯರ್ಥ.

‘ಹೊಸ ಕನ್ನಡಕ ಹಾಕಿದರೆ ತಲೆ ಸುತ್ತುತ್ತದೆ’ ಎಂಬ ದೂರು ಬಂದಾಗ ಯಾರ ತಪ್ಪೆಂದು ಕೇಳುವುದಕ್ಕೆ ಮೊದಲು ಕ್ರಮವಾಗಿ ಪರಿಶೀಲಿಸಿ. ಲೆನ್ಸಿನ ನಂಬರು, ಆಮೇಲೆ ಆಕ್ಸಿಸ್ ಮತ್ತು ಕೇಂದ್ರಗಳ ಅಂತರ, ಆಮೇಲೆ ಫ್ರೇಮು ಮೂಗಿನ ಮೇಲೆ ಕೂತಿರುವ ಬಗೆ. ಇವೆಲ್ಲ ಸರಿಯಿದ್ದರೆ ಮಾತ್ರ ಕೇಂದ್ರದಲ್ಲಿ ಮರುಪರೀಕ್ಷೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರ ನಂಬರು ಏರಿಳಿಯುವುದರಿಂದ ಅವರಿಗೆ ಮೊದಲು ಸಕ್ಕರೆ ನಿಯಂತ್ರಣಕ್ಕೆ ಬರಲಿ, ನಂತರ ಕನ್ನಡಕ ಎಂದು ತಿಳಿಹೇಳಿ.

ಅಂಗಡಿಯಿಂದ ಕೇಂದ್ರಕ್ಕೆ ಮರಳುವ ದಾರಿ

ಸಂಯೋಜಕರ ಕೆಲಸವೆಂದರೆ ಕೇಂದ್ರದಿಂದ ಅಂಗಡಿಗೆ ಗಿರಾಕಿ ಕಳುಹಿಸುವುದು ಎಂದು ಎಲ್ಲರೂ ಭಾವಿಸುತ್ತಾರೆ. ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದದ್ದು ಅಂಗಡಿಯಿಂದ ಕೇಂದ್ರಕ್ಕೆ ಕಳುಹಿಸುವುದು. ಕಣ್ಣು ಮಂಜಾದವರು ಎಷ್ಟೋ ವೇಳೆ ನೇರವಾಗಿ ಕನ್ನಡಕದ ಅಂಗಡಿಗೇ ಹೋಗುತ್ತಾರೆ. ಅಲ್ಲಿ ನಂಬರು ಬದಲಿಸಿ ಕಳುಹಿಸಿಬಿಟ್ಟರೆ ಗ್ಲಾಕೋಮಾ (ಕಣ್ಣಿನ ನರ ಹಾಳಾಗುವ ಕಾಯಿಲೆ), ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಆಗುವ ಹಾನಿಯಂಥ ತೊಂದರೆಗಳು ಕಾಣದೆ ಉಳಿದು, ಹೋದ ದೃಷ್ಟಿ ಮರಳದ ಹಂತಕ್ಕೆ ತಲುಪುತ್ತವೆ.

ಆದ್ದರಿಂದ ಅಂಗಡಿಯ ಕೌಂಟರಿನ ಬಳಿ ಕನ್ನಡದಲ್ಲಿ ಒಂದು ಹಾಳೆ ಅಂಟಿಸಿ, ಸಿಬ್ಬಂದಿಗೆ ಅರ್ಧ ದಿನದ ತರಬೇತಿ ಕೊಡಿಸಿ. ಯಾವ ಲೆನ್ಸ್ ಹಾಕಿದರೂ ದೃಷ್ಟಿ ಸುಧಾರಿಸದವರು, ಕಣ್ಣು ಕೆಂಪಾಗಿ ನೋವಿರುವವರು, ಇದ್ದಕ್ಕಿದ್ದಂತೆ ದೃಷ್ಟಿ ಕುಂದಿದವರು, ಕಣ್ಣ ಮುಂದೆ ಮಿಂಚು ಅಥವಾ ಕಪ್ಪು ಚುಕ್ಕೆಗಳು ಹೊಸದಾಗಿ ಕಾಣುತ್ತಿವೆ ಎನ್ನುವವರು, ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ ಎನ್ನುವವರು, ವರ್ಷದಿಂದ ಕಣ್ಣಿನ ಒಳಪರೀಕ್ಷೆ ಮಾಡಿಸದ ಸಕ್ಕರೆ ಕಾಯಿಲೆಯವರು, ಮೆಳ್ಳೆಗಣ್ಣಿನ ಮಕ್ಕಳು ಇವರಿಗೆ ಕನ್ನಡಕ ಮಾರುವ ಮುನ್ನ ಕೇಂದ್ರಕ್ಕೆ ಕಳುಹಿಸಬೇಕು. ಕೆಂಪು ನೋವಿನವರನ್ನೂ ದಿಢೀರ್ ದೃಷ್ಟಿ ಕುಂದಿದವರನ್ನೂ ಮಿಂಚು ಕಂಡವರನ್ನೂ ಅದೇ ದಿನ ನೇತ್ರತಜ್ಞರ ಬಳಿಗೇ ಕಳುಹಿಸಬೇಕು. ‘ಈಗ ಚಾಳೀಸಿಲ್ಲದೆಯೇ ಪತ್ರಿಕೆ ಓದುತ್ತೇನೆ, ಕಣ್ಣು ಚುರುಕಾಗಿದೆ’ ಎಂದು ಹಿರಿಯರು ಸಂತೋಷದಿಂದ ಹೇಳಿದಾಗಲೂ ಅಂಗಡಿಯವರು ಎಚ್ಚೆತ್ತುಕೊಳ್ಳಬೇಕು. ಪೊರೆ ಬಲಿಯುವಾಗ ಕಣ್ಣಿನೊಳಗಿನ ಮಸೂರ ಗಟ್ಟಿಯಾಗಿ ಸಮೀಪದೃಷ್ಟಿ ಉಂಟಾಗುವುದರಿಂದ ಹೀಗಾಗುವುದುಂಟು, ಮತ್ತು ಅವರ ದೂರದ ನೋಟ ಅಷ್ಟರಲ್ಲಿ ಕೆಟ್ಟಿರುತ್ತದೆ.

ಹೀಗೆ ಕಳುಹಿಸಿದವರು ಪರೀಕ್ಷೆಯ ನಂತರ ಕನ್ನಡಕಕ್ಕೆ ಬೇರೆ ಅಂಗಡಿಗೆ ಹೋಗಿಬಿಟ್ಟರೆ ಎಂಬ ಆತಂಕ ಅಂಗಡಿಯವರಿಗೆ ಇದ್ದೇ ಇರುತ್ತದೆ. ಕಳುಹಿಸಿದ ಅಂಗಡಿಯ ಹೆಸರನ್ನು ಕೇಂದ್ರದ ಚೀಟಿಯಲ್ಲಿ ನಮೂದಿಸಿ, ಪರೀಕ್ಷೆಯಲ್ಲಿ ಏನು ಕಂಡುಬಂತೆಂಬುದನ್ನು ರೋಗಿಯ ಒಪ್ಪಿಗೆ ಪಡೆದು ಅಂಗಡಿಯವರಿಗೂ ತಿಳಿಸಿ. ತಾವು ಕಳುಹಿಸಿದ್ದರಿಂದ ಒಬ್ಬರ ಕಣ್ಣು ಉಳಿಯಿತೆಂದು ತಿಳಿದ ಅಂಗಡಿಯವರು ಮುಂದೆ ಹಿಂಜರಿಯದೆ ಕಳುಹಿಸುತ್ತಾರೆ.

ಒಪ್ಪಿಗೆಯ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ರೋಗಿಗಳ ಹೆಸರು, ಫೋನ್ ಸಂಖ್ಯೆಗಳ ಪಟ್ಟಿಯನ್ನು ಅಂಗಡಿಗಳಿಗೆ ಕೊಡಬೇಡಿ, ಚೀಟಿಯ ಚಿತ್ರವನ್ನು ವಾಟ್ಸ್ಆ್ಯಪ್ ಗುಂಪುಗಳಿಗೆ ಹಾಕಬೇಡಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಆಶಯವೂ ಇದೇ ಆಗಿದೆ.

ಮಕ್ಕಳ ವಿಷಯ ಪ್ರತ್ಯೇಕ

ಮಕ್ಕಳ ಕಣ್ಣಿನ ಸ್ನಾಯುಗಳು ಬಲವಾಗಿರುವುದರಿಂದ ಅವುಗಳನ್ನು ಸಡಿಲಿಸುವ ಹನಿ ಹಾಕಿ ಪರೀಕ್ಷಿಸದಿದ್ದರೆ ನಂಬರು ತಪ್ಪಾಗಬಹುದು. ಆದ್ದರಿಂದ ಮಕ್ಕಳಿಗೆ ಅಂಗಡಿಯಲ್ಲಿ ಯಂತ್ರದಲ್ಲಿ ನೋಡಿ ಕನ್ನಡಕ ಕೊಡುವುದನ್ನು ಒಪ್ಪಂದದಲ್ಲೇ ನಿಷೇಧಿಸಿ. ಒಂದು ಕಣ್ಣು ಮಾತ್ರ ಮಂಜಾಗಿರುವ ಮಗು ಏನನ್ನೂ ಹೇಳುವುದಿಲ್ಲ, ಏಕೆಂದರೆ ಇನ್ನೊಂದು ಕಣ್ಣಿನಿಂದ ಅದಕ್ಕೆ ಎಲ್ಲವೂ ಕಾಣುತ್ತಿರುತ್ತದೆ. ಏಳೆಂಟು ವರ್ಷದೊಳಗೆ ಸರಿಪಡಿಸದಿದ್ದರೆ ಆ ಕಣ್ಣು ಸೋಮಾರಿ ಕಣ್ಣಾಗಿ ಉಳಿಯುವ ಅಪಾಯವಿದೆ. ಶಾಲೆಗಳಿಗೆ ಬರುವ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ವೈದ್ಯರ ತಂಡದೊಂದಿಗೆ ಸಂಪರ್ಕ ಇಟ್ಟುಕೊಂಡು ಅವರು ಗುರುತಿಸಿದ ಮಕ್ಕಳ ಹೆಸರುಗಳನ್ನು ನಿಮ್ಮ ವಹಿಗೆ ಸೇರಿಸಿಕೊಳ್ಳಿ. ಮಕ್ಕಳಿಗೆ ಸುಲಭವಾಗಿ ಒಡೆಯದ ಪಾಲಿಕಾರ್ಬೊನೇಟ್ ಲೆನ್ಸನ್ನೇ ಕೊಡಿಸಿ, ಫ್ರೇಮನ್ನು ಮಗುವೇ ಆರಿಸಿಕೊಳ್ಳಲು ಬಿಡಿ. ಪ್ರತಿವರ್ಷ ಜೂನ್‌ನಲ್ಲಿ ಶಾಲೆ ತೆರೆದ ಕೂಡಲೇ ಹಿಂದಿನ ವರ್ಷ ಕನ್ನಡಕ ಪಡೆದ ಮಕ್ಕಳ ಪಟ್ಟಿಯನ್ನು ಶಿಕ್ಷಕರಿಗೆ ಕೊಟ್ಟು, ಯಾರ ಕನ್ನಡಕ ಮುರಿದಿದೆ, ಯಾರದು ಬಿಗಿಯಾಗಿದೆ, ಯಾರು ಹಾಕುವುದನ್ನು ಬಿಟ್ಟಿದ್ದಾರೆ ಎಂದು ಕೇಳಿ ಬರೆದುಕೊಳ್ಳಿ. ದುರಸ್ತಿಯನ್ನು ಅಂಗಡಿಗೂ ಮರುಪರೀಕ್ಷೆಯನ್ನು ಕೇಂದ್ರಕ್ಕೂ ಅದೇ ವಾರ ಹಂಚಿಕೊಡಿ.